ಹನ್ನೆರಡು ಗೆಣ್ಣು

ಗೋದುಬಾಯಿ ಒಂಬತ್ತು ವರ್ಷದಿಂದ ಬೇರೆಯವರ ಮನೆಯಲ್ಲಿ ಒಂದು ರಾತ್ರಿ ಕಳೆದವಳಲ್ಲ. ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದಳು, ಊಟ ಮುಗಿಸಿ ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ಬಸ್ಸು ಹತ್ತಿದಳು. ನಾದಿನಿಯ ಮಗಳ ಮದುವೆಗೆ ಅಕ್ಕಿಕಾಳಿನ ಹೊತ್ತಿಗೆ ಸರಿಯಾಗಿ ಹೋಗಿ, ಕಾಳು ಹಾಕಿ, ಬಂದುಬಿಟ್ಟಳು. ದಾಂಡೇಲಿಯ ಆ ಚಾಳಿನ ಎಂಟೂ ಮನೆಯ ಹೆಂಗಸರು ನಲ್ಲಿಯ ಹತ್ತಿರ ಅವಳನ್ನು ಕಾಡಿಸುತ್ತಿದ್ದರು, ಐವತ್ತೆರಡು ದಾಟಿದರೂ ಗಂಡನನ್ನು ಒಂದು ರಾತ್ರಿ ಬಿಟ್ಟಿರಲಾರಳು ಎಂದು. ಅವಳೂ ನಗುತ್ತಿದ್ದಳು. ನಗದೆ ಏನು ಮಾಡಬೇಕು? ಮೋಹವೂ ಇಲ್ಲ, ಮಣ್ಣೂ ಇಲ್ಲ. ತಾನು ಪಕ್ಕದಲ್ಲಿಲ್ಲದಿದ್ದರೆ ಗಂಡ ಮಲಗಿದಲ್ಲೇ ಸಾಯುತ್ತಾನೆಂದು ಅವಳಿಗೆ ಖಾತ್ರಿಯಾಗಿತ್ತು, ಅಷ್ಟೇ.

ಗಂಡ ಮಹಾಂತಪ್ಪ ಧಾರವಾಡ ಕಡೆಯವನು. ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಪೈಪು ಜೋಡಿಸುವ ಕೆಲಸ. ಮೂರು ಪಾಳಿ. ಗೂಳಿಯಂಥ ಕುತ್ತಿಗೆ, ಅದಕ್ಕೆ ತಕ್ಕ ಗೊರಕೆ. ಚಾಳಿಗೆ ಗಡಿಯಾರವೇ ಬೇಡವಾಗಿತ್ತು, ಮಹಾಂತಪ್ಪನ ಗೊರಕೆ ಶುರುವಾಯಿತೆಂದರೆ ಯಾವ ಪಾಳಿ ಮುಗಿಯಿತೆಂದು ಜನ ಹೇಳುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಒಂದು ದಿನ ಅವನು ರಾತ್ರಿ ಪಾಳಿ ಮುಗಿಸಿ ಬಂದು ಉಂಡು ಮಲಗಿದ್ದ. ಮಧ್ಯಾಹ್ನದ ಬಿಸಿಲು. ಗೋದುಬಾಯಿ ಖಾನಾವಳಿಗೆ ಕೊಡಬೇಕಾದ ರೊಟ್ಟಿ ಬಡಿಯುತ್ತಿದ್ದಳು. ಒಳಗೆ ಮರ ಕೊಯ್ದಂತೆ ಕೇಳುತ್ತಿದ್ದ ಗೊರಕೆ ಥಟ್ಟನೆ ನಿಂತಿತು. ಅಬ್ಬಾ, ನಿಂತಿತಲ್ಲ ಎಂದು ಅವಳಿಗೆ ಮೊದಲು ಹಾಯೆನಿಸಿತು. ಒಂದು ರೊಟ್ಟಿ ತಿರುವಿಹಾಕಿದಳು. ಗೊರಕೆ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ನೋಡಿದರೆ ಗಂಡನ ಬಾಯಿ ತೆರೆದಿದೆ, ಎದೆ ಏಳುತ್ತಿದೆ ಬೀಳುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ತುಟಿ ನೇರಳೆಯಾಗಿತ್ತು. ಅವಳು ಚೀರಿ ಅವನ ಪಕ್ಕೆಗೆ ಗುದ್ದಿದಳು. ಬಾವಿಯಿಂದ ಮೇಲೆ ಎಳೆದವನ ಹಾಗೆ ಅವನು ಒಂದು ದೊಡ್ಡ ಉಸಿರು ಎಳೆದುಕೊಂಡು, ಕಣ್ಣೂ ಬಿಡದೆ ಮಗ್ಗುಲಾದ. ಎದ್ದಮೇಲೆ ಕೇಳಿದರೆ ಅವನಿಗೆ ಏನೂ ನೆನಪಿಲ್ಲ. "ಪಕ್ಕಿ ಯಾಕ ನೋಯಾಕತ್ತೈತಿ?" ಎಂದು ಅವಳನ್ನೇ ಕೇಳಿದ.

ಅಂದಿನಿಂದ ಅವಳ ಎಣಿಕೆ ಸುರುವಾಯಿತು. ಎಡಗೈ ಗಂಡನ ಎದೆಯ ಮೇಲೆ, ಬಲಗೈ ಹೆಬ್ಬೆರಳು ತನ್ನದೇ ಬೆರಳ ಗೆಣ್ಣುಗಳ ಮೇಲೆ. ಒಂದೊಂದು ಬೆರಳಿಗೆ ಮೂರು, ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಉಸಿರು ನಿಂತ ಕೂಡಲೇ ಕಿರುಬೆರಳ ಬುಡದಿಂದ ಹೆಬ್ಬೆರಳು ಹೊರಡುತ್ತಿತ್ತು. ಹನ್ನೆರಡು ಮುಗಿದರೂ ಉಸಿರು ಬರಲಿಲ್ಲವೆಂದರೆ ಪಕ್ಕೆಗೆ ಒಂದು ತಿವಿತ. ರಾತ್ರಿಯೂ ಅದೇ, ಹಗಲು ಪಾಳಿಯ ನಿದ್ದೆಗೂ ಅದೇ. ತಾನು ನಿದ್ದೆ ಹೋದರೂ ಅವಳ ಹೆಬ್ಬೆರಳು ನಿದ್ದೆ ಹೋಗುತ್ತಿರಲಿಲ್ಲ. ರೊಟ್ಟಿಯ ಒಲೆಯನ್ನು ಹಿತ್ತಿಲಿನಿಂದ ಕಿತ್ತು ನಡುಮನೆಯ ಬಾಗಿಲಿಗೆ ತಂದಿಟ್ಟುಕೊಂಡಳು, ಅಲ್ಲಿಂದ ಕೇಳಿಸುತ್ತದೆ ಎಂದು.

ಎರಡು ವರ್ಷದ ಹಿಂದೆ ಅವಳ ಅವ್ವ ತೀರಿಕೊಂಡಳು, ಕಲಘಟಗಿ ಹತ್ತಿರದ ಹಳ್ಳಿಯಲ್ಲಿ. ಮುಂಜಾನೆ ಸುದ್ದಿ ಬಂತು, ಹೋದಳು, ಅತ್ತಳು, ಮಣ್ಣು ಕೊಟ್ಟಳು. ಹೆಣ್ಣುಮಕ್ಕಳು ಮೂರನೆಯ ದಿನದ ತನಕ ತವರಲ್ಲಿ ನಿಲ್ಲಬೇಕು. ಸಂಜೆ ಐದಕ್ಕೆ ಅವಳು ಚೀಲ ಎತ್ತಿಕೊಂಡಾಗ ತಮ್ಮ ಬಾಗಿಲಿಗೆ ಅಡ್ಡ ನಿಂತ. "ಹಡದಾಕಿ ಸತ್ತಾಳ. ಒಂದ್ ರಾತ್ರಿ ನಿಲ್ಲಾಕ ಆಗವಲ್ದೇನಬೇ ನಿನಗ?" ಎಂದ. ಅವಳು ಏನು ಹೇಳಬೇಕು? ನಿಮ್ಮ ಮಾವ ಇಂದು ರಾತ್ರಿ ಪಾಳಿಯಲ್ಲಿಲ್ಲ, ಮನೆಯಲ್ಲಿ ಮಲಗುತ್ತಾರೆ, ಎನ್ನಲೇ? ತಲೆ ತಗ್ಗಿಸಿ ಅವನ ತೋಳಿನ ಕೆಳಗಿಂದ ನುಸುಳಿ ಬಂದಳು. ಆ ತಮ್ಮ ಇಂದಿಗೂ ಅವಳ ಹತ್ತಿರ ಮಾತಾಡುವುದಿಲ್ಲ.

ಮಹಾಂತಪ್ಪ ತನಗೇನೂ ಆಗಿಲ್ಲವೆಂದೇ ಇದ್ದ. ಆದರೆ ಹೋದ ವರ್ಷ ಚಹಾದಂಗಡಿಯಲ್ಲಿ ಕುಳಿತಲ್ಲೇ ತೂಕಡಿಸಿ ಬಿಸಿ ಚಹಾ ತೊಡೆಗೆ ಚೆಲ್ಲಿಕೊಂಡ. ಮುಂದಿನ ವಾರ ಹಳಿಯಾಳ ರಸ್ತೆಯಲ್ಲಿ ಬೈಕು ಸಮೇತ ಗಟಾರಕ್ಕೆ ಇಳಿದ. ಆಗ ಪಕ್ಕದ ಮನೆಯ ಗುಲ್ಶನಳ ಗಂಡ ಗೌಸ, ಗ್ಯಾರೇಜಿನವನು, ಅವನನ್ನು ಎತ್ತಿ ತಂದು, "ಮಾಮಾ, ನಿಮ್ಮ ಗಾಡಿಗಿ ಏನೂ ಆಗಿಲ್ಲ, ಡ್ರೈವರ್‌ನ ರಿಪೇರಿಗೆ ಹಾಕ್ರಿ" ಎಂದ. ಹುಬ್ಬಳ್ಳಿಯ ಕಿವಿ-ಮೂಗು-ಗಂಟಲಿನ ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿ, ತಾಸಿಗೆ ಇಪ್ಪತ್ತಾರು ಸಲ ಉಸಿರು ಕಟ್ಟುತ್ತದೆ ಎಂದರು. ಗೋದುಬಾಯಿಗೆ ಇದೇನು ಹೊಸ ಸುದ್ದಿಯೇ? ಅವಳು ತನ್ನ ಗೆಣ್ಣುಗಳ ಕತೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು.

"ಒಂಬತ್ತು ವರ್ಷ ಎಬ್ಬಿಸೀರೇನು? ಅಮ್ಮಾ, ನೀವು ಎಬ್ಬಿಸದಿದ್ದರೂ ಅವರ ಮಿದುಳು ಅವರನ್ನ ಎಬ್ಬಿಸ್ತದ. ಉಸಿರು ತಾನ ಬರ್ತದ. ಆದರ ರಾತ್ರಿಯೆಲ್ಲಾ ಹಂಗ ಕಟ್ಟಿ ಕಟ್ಟಿ ಬಂದ್ರ ಹೃದಯಕ್ಕ ಪೆಟ್ಟು, ಬಿ.ಪಿ. ಏರ್ತದ, ಹಗಲೆಲ್ಲಾ ತೂಕಡಿಕಿ. ಅದಕ್ಕ ಔಷಧ ಮಾಡಬೇಕು."

ಗೋದುಬಾಯಿ ಹೂಂ ಎಂದಳು, ನಂಬಲಿಲ್ಲ. ಪುಸ್ತಕ ಓದಿದವರು ಏನಾದರೂ ಹೇಳುತ್ತಾರೆ. ಆ ನೇರಳೆ ತುಟಿ ನೋಡಿದವಳು ತಾನು.

ಮೊದಲು ಒಂದು ಯಂತ್ರ ಕೊಟ್ಟರು, ಮೂಗಿಗೆ ಮುಖವಾಡ ಹಾಕಿಕೊಂಡು ಮಲಗಿದರೆ ಗಾಳಿ ಊದುತ್ತದೆ. ಮಹಾಂತಪ್ಪ ನಾಲ್ಕು ದಿನ ಹಾಕಿಕೊಂಡ, ಐದನೆಯ ದಿನ ಕಿತ್ತೆಸೆದ. "ಎತ್ತಿನ ಬಾಯಿಗೆ ಕುಕ್ಕಿ ಕಟ್ಟಿದಾಂಗ ಆಗತೈತಿ, ನನ್ನ ಕೈಲೆ ಆಗಾಂಗಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟ. ಡಾಕ್ಟರು ಬೈದರು, ಕೊನೆಗೆ ಹಳಿಯಾಳದಲ್ಲಿ ಗುರುವಾರಕ್ಕೊಮ್ಮೆ ಕೂರುವ ರುಕ್ಸಾರ ಎಂಬ ಹುಡುಗಿಯ ಕಡೆ ಕಳಿಸಿದರು. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವವಳು ಅವಳು. ಗಂಟಲಿನ ಕಸರತ್ತೂ ಕಲಿಸುತ್ತಾಳೆ.

"ನಾಲಿಗಿ, ಕಿರುನಾಲಿಗಿ, ಗಂಟಲದ ಮಾಂಸ ಎಲ್ಲಾ ಸಡಿಲಾಗೈತಿ ಕಾಕಾ. ಮಲಗಿದ ಕೂಡಲೇ ಹಿಂದ ಬಿದ್ದು ದಾರಿ ಮುಚ್ಚತೈತಿ. ಇದು ಗಂಟಲಿಗೆ ಗರಡಿಮನಿ ಅಂತ ತಿಳಕೋರ್ರಿ. ದಿನಕ್ಕ ಮೂರು ಸಲ, ಮೂರು ತಿಂಗಳು, ಒಂದು ದಿನಾನೂ ತಪ್ಪಂಗಿಲ್ಲ. ಪೂರ್ತಿ ಹೋಗತೈತಿ ಅಂತ ಹೇಳಾಂಗಿಲ್ಲ ನಾ. ಅರ್ಧಕ್ಕ ಇಳಿದ್ರೂ ದೊಡ್ಡದು."

ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆ ಜಾರಿಸುವುದು. ಇಡೀ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಹಿಡಿಯುವುದು. ಬಾಯಿ ಅಗಲಿಸಿ ಕಿರುನಾಲಿಗೆ ಮೇಲೇಳುವ ಹಾಗೆ ಉದ್ದಕ್ಕೆ "ಆ" ಎನ್ನುವುದು. ಕೆನ್ನೆ ಒಳಗೆಳೆದುಕೊಳ್ಳುವುದು. ಮೂಗಲ್ಲಿ ಉಸಿರೆಳೆದು ಬಲೂನು ಊದುವುದು. ಮಹಾಂತಪ್ಪ ಕನ್ನಡಿಯ ಮುಂದೆ ನಾಲಿಗೆ ಚಾಚಿ ಕುಳಿತದ್ದನ್ನು ನೋಡಿ ಗೋದುಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಗು, ನಗು. ನಾಲಿಗಿ ಗಟ್ಟಿ ಮಾಡೂ ಔಷಧ ನಿನಗ ಬೇಕಾಗಿಲ್ಲ, ಹುಟ್ಟಾನ ಗಟ್ಟಿ ಐತಿ" ಎಂದ ಅವನು. "ಆ" ಕೇಳಿದ ಗುಲ್ಶನ ಗೋಡೆಯ ಆಚೆಯಿಂದ, "ಗೋದುಬಾಯಿ, ಹಲ್ಲು ಕೀಳಾಕತ್ತೀರೇನ್ರಿ?" ಎಂದು ಕೂಗುತ್ತಿದ್ದಳು.

ಇದೇ ಹೊತ್ತಿಗೆ ಮಗಳು ಮಧುಮತಿಯ ಫೋನು ಬಂತು. ಕ್ಯಾಸಲ್‌ರಾಕ್‌ನಲ್ಲಿ ಅವಳ ಮನೆ, ಗಂಡ ಮೌನೇಶ ಘಟ್ಟದ ರೈಲು ಹಳಿ ಕಾಯುವ ಕೆಲಸದವನು. ಅವಳಿಗೆ ಆರು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಬಾಣಂತನವನ್ನು ಗೋದುಬಾಯಿ ಹೊಸ್ತಿಲ ಮೇಲೆ ಮಲಗಿ ಮಾಡಿದ್ದಳು, ಒಳಗೆ ಬಾಣಂತಿ, ಹೊರಗೆ ಗಂಡ. ಎರಡನೆಯದಕ್ಕೆ ಮಗಳು ತವರಿಗೆ ಬರುವ ರೂಢಿಯಿಲ್ಲ, ತಾಯಿಯೇ ಹೋಗಬೇಕು. ಅತ್ತೆ ಇಲ್ಲದ ಮನೆ ಬೇರೆ. "ಅವ್ವಾ, ಒಂದೂವರಿ ತಿಂಗಳು ಬರ್ತಿಯಿಲ್ಲೋ? ಬರಾಂಗಿಲ್ಲಂದ್ರ ಈಗ ಹೇಳು" ಎಂದಳು. ಗೋದುಬಾಯಿ ಒಂದು ಕ್ಷಣವೂ ಯೋಚಿಸದೆ, "ಬರ್ತೇನಿ" ಎಂದುಬಿಟ್ಟಳು. ಫೋನು ಇಟ್ಟಮೇಲೆ ಬೆರಳು ಮಡಚಿ ಎಣಿಸಿದಳು. ಮೂರು ತಿಂಗಳಿದೆ. ಮೂರು ತಿಂಗಳೊಳಗೆ ಗಂಡನ ಗಂಟಲು ದಾರಿಗೆ ಬಂದರೆ ಅವಳು ಮಗಳ ಮನೆಗೆ ಹೋದಾಳು, ಇಲ್ಲದಿದ್ದರೆ ಇಲ್ಲ.

ಮುಂಜಾನೆ, ಸಂಜೆ ಎರಡು ಸಲ ಅವಳ ಕಣ್ಣೆದುರು. ನಡುವಿನದನ್ನು ಡ್ಯೂಟಿಯ ಮೇಲೆ ಮಾಡುತ್ತೇನೆಂದು ಅವನು ಒಂದು ಕೆಂಪು ಬಲೂನು ಕಿಸೆಯಲ್ಲಿಟ್ಟುಕೊಂಡು ಹೋಗುತ್ತಿದ್ದ. ಒಂದು ತಿಂಗಳಾಯಿತು, ಗೆಣ್ಣು ಹನ್ನೆರಡು ಮುಗಿಯುವುದು ಕಡಿಮೆಯಾಗಲಿಲ್ಲ. ಒಂದು ಭಾನುವಾರ ಅಂಗಿ ಒಗೆಯುವಾಗ ಕಿಸೆಯಿಂದ ಆ ಬಲೂನು ಸಿಕ್ಕಿತು. ಅವಳು ಅದನ್ನು ಎಳೆದು ನೋಡಿದಳು. ಮನೆಯ ಬಲೂನು ಊದಿ ಊದಿ ಮುದುಕಿಯ ಕೆನ್ನೆಯಾಗಿತ್ತು. ಇದು ಬಿಗಿಯಾಗಿತ್ತು, ಮೇಲಿನ ಪುಡಿ ಕೂಡ ಹೋಗಿರಲಿಲ್ಲ.

"ಇದೇನ್ರೀ?"

"ಪುಗ್ಗಾ."

"ಪುಗ್ಗಾ ಅಂತ ನನಗೂ ಗೊತ್ತೈತಿ. ಒಂದ್ ತಿಂಗಳು ಊದಿದ ಪುಗ್ಗಾ ಹಿಂಗ ಇರತೈತೇನು? ಈಗ ಅಂಗಡ್ಯಾಗಿಂದ ತಂದಾಂಗ ಐತಿ."

ಮಹಾಂತಪ್ಪ ಕೆನ್ನೆಯೊಳಗಿನ ತಂಬಾಕು ಆ ಕಡೆಯಿಂದ ಈ ಕಡೆಗೆ ಸರಿಸಿದ. ಅಷ್ಟು ಸಾಕಾಯಿತು ಅವಳಿಗೆ. ಪಾಳಿಯ ಮಂದಿಗೆ ಅದು ಹಳೆಯ ರೂಢಿ. ತಂಬಾಕಿಗೆ ಸುಣ್ಣ ತಿಕ್ಕಿ ಕೆನ್ನೆಗೆ ಒತ್ತರಿಸಿದರೆ ಆ ಉರಿಗೆ ನಿದ್ದೆ ಹತ್ತಿರ ಸುಳಿಯದು. ಬಾಯಿತುಂಬ ರಸ ಇಟ್ಟುಕೊಂಡು ಬಲೂನು ಯಾರು ಊದುತ್ತಾರೆ? ಬಲೂನಿನ ಮಾತು ಹಾಗಿರಲಿ, ಕನ್ನಡಿಯ ಮುಂದೆ ಮುಂಜಾನೆ ಸಂಜೆ ಅವನು ಮಾಡುತ್ತಿದ್ದ ಕಸರತ್ತನ್ನೂ ದಿನವಿಡೀ ಗಂಟಲಿಗಿಳಿಯುವ ಆ ತಂಬಾಕಿನ ಉರಿ ತಿಂದುಹಾಕುತ್ತಿತ್ತು. ಗಂಟೆಗಟ್ಟಲೆ ಕನ್ನಡಿ ಹಿಡಿದದ್ದು ನೀರಲ್ಲಿ ಹೋಮ.

"ತಂಬಾಕ ಇಲ್ಲಂದ್ರ ಡ್ಯೂಟಿ ಮ್ಯಾಲ ನಿದ್ದಿ ಬರತೈತಿ ಗೋದೂ. ಪೈಪಿನ ಮ್ಯಾಲಿಂದ ಬಿದ್ದೇನು."

"ನಿದ್ದಿ ಯಾಕ ಬರತೈತಿ? ಮನ್ಯಾಗ ನಿದ್ದಿ ಆಗಾಂಗಿಲ್ಲ ಅಂತ. ಮನ್ಯಾಗ ಯಾಕ ಆಗಾಂಗಿಲ್ಲ? ಗಂಟಲ ಸಡಿಲ ಐತಿ ಅಂತ. ಗಂಟಲ ಯಾಕ ಗಟ್ಟಿ ಆಗವಲ್ದು? ಬಾಯಾಗ ತಂಬಾಕ ಐತಿ ಅಂತ. ಗಾಣದ ಎತ್ತು ಆದ್ರಿ ನೀವು, ನಿಮ್ಮ ಹಿಂದ ನಾನೂ ತಿರಗಾಕತ್ತೇನಿ!" ಅವಳು ಬಲೂನನ್ನು ಅವನ ಮುಂದೆ ಒಗೆದಳು. ಕೂಗಬಾರದೆಂದುಕೊಂಡರೂ ಧ್ವನಿ ಏರಿತು. "ಒಂಬತ್ತು ವರ್ಷ ಆತು. ನೀವು ಮಕ್ಕೋತೀರಿ, ನಾ ಎಣಸ್ತೇನಿ. ನಮ್ಮವ್ವ ಸತ್ತಾಗ ಒಂದ್ ರಾತ್ರಿ ನಿಲ್ಲಲಿಲ್ಲ. ನನ್ನ ಜೀವಾ ನಿಮ್ಮ ಗಂಟಲದಾಗ ಸಿಕ್ಕೊಂಡೈತಿ. ಮಗಳು ಹಡದು ಒಬ್ಬಾಕೀನ ಬಿದ್ದಿರಬೇಕೇನು? ಹೇಳ್ರಿ!"

ಗೋಡೆಯ ಆಚೆ ಗುಲ್ಶನಳ ಮಿಕ್ಸರ್ ನಿಂತಿತು. ಮಹಾಂತಪ್ಪ ಎದ್ದು ಹೋಗಿ ಬಾಯಿ ಮುಕ್ಕಳಿಸಿದ, ತಂಬಾಕಿನ ಡಬ್ಬಿಯನ್ನು ಗಟಾರಕ್ಕೆ ಕೊಡವಿದ. ಖಾಲಿ ಡಬ್ಬಿಯನ್ನು ತಂದು ಅವಳ ಕೈಗೆ ಕೊಟ್ಟ. ಅವನ ಕಣ್ಣು ತೇವವಾಗಿತ್ತು. ಗೋದುಬಾಯಿಗೆ ಸಿಟ್ಟು ಇಳಿಯಲಿಲ್ಲ, ಆದರೆ ಪಾಪ ಎನಿಸಿತು.

ತಂಬಾಕು ಬಿಟ್ಟ ಮೊದಲ ಎರಡು ವಾರ ಅವನಿಗೆ ತಲೆನೋವು, ಸಿಡುಕು. ಗುತ್ತಿಗೆದಾರನ ಕಾಲು ಹಿಡಿದು ಹಗಲು ಪಾಳಿಯನ್ನೇ ಹಾಕಿಸಿಕೊಂಡ, ಮೇಲೆ ಹತ್ತುವ ಕೆಲಸ ಬಿಟ್ಟ. ಕಸರತ್ತು ಒಂದನ್ನೂ ತಪ್ಪಿಸಲಿಲ್ಲ. ನಿಧಾನಕ್ಕೆ ಅವಳ ಹೆಬ್ಬೆರಳಿಗೆ ಫರಕು ಗೊತ್ತಾಗತೊಡಗಿತು. ಹನ್ನೆರಡಕ್ಕೆ ಮುಟ್ಟುತ್ತಿದ್ದದ್ದು ಎಂಟಕ್ಕೆ, ಆರಕ್ಕೆ ಮುಗಿಯುತ್ತಿತ್ತು. ಗೊರಕೆ ಸಣ್ಣದಾಯಿತು. ಮೂರನೆಯ ತಿಂಗಳ ಕೊನೆಗೆ ಹುಬ್ಬಳ್ಳಿಯಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಇಪ್ಪತ್ತಾರು ಇದ್ದದ್ದು ಹನ್ನೊಂದಕ್ಕೆ ಇಳಿದಿತ್ತು. "ಭಾರಿ ಆತು. ಮಗ್ಗುಲಾಗಿ ಮಲಗಬೇಕು, ಕಸರತ್ತು ಬಿಡಬಾರದು, ಆರು ತಿಂಗಳಿಗೆ ಮತ್ತ ತೋರಸಬೇಕು" ಎಂದರು ಡಾಕ್ಟರು. ಗುಲ್ಶನ, "ನೀವು ಹೋಗಿ ಬರ್ರಿ ಗೋದುಬಾಯಿ, ಫಿಕರ್ ಮಾಡಬ್ಯಾಡ್ರಿ. ಗ್ವಾಡಿಗೆ ಕಿವಿ ಇಟ್ಟಿರ್ತೇನಿ. ಗೊರಕಿ ನಿಂತ್ರ ನಮ್ಮ ಮನಿಯವರು ಸುತ್ತಿಗಿ ತಗೊಂಡು ಗ್ವಾಡಿ ಬಡೀತಾರ" ಎಂದಳು. ಗೋದುಬಾಯಿ ಅತ್ತು, ನಕ್ಕು, ಮಗಳ ಊರಿಗೆ ಹೋಗಲು ಜೋಯಿಡಾದ ಬಸ್ಸು ಹತ್ತಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಚೀಲದಲ್ಲಿ ಎರಡನೆಯ ಸೀರೆಯಿತ್ತು.

ಮಧುಮತಿ ಬೆಳಗಾವಿಯಲ್ಲಿ ಗಂಡುಮಗು ಹಡೆದು ನಾಲ್ಕನೆಯ ದಿನ ಕ್ಯಾಸಲ್‌ರಾಕ್‌ಗೆ ಬಂದಳು. ಗೋದುಬಾಯಿ ಅಂಟಿನುಂಡೆ ಕಟ್ಟಿದಳು, ಸಬ್ಬಸಿಗೆ ಪಲ್ಯ ಮಾಡಿದಳು, ಬಾಣಂತಿಗೆ ಎಣ್ಣೆ ತಿಕ್ಕಿ ಕುದಿಕುದಿ ನೀರು ಹಾಕಿದಳು. ದಿನಾ ನಾಲ್ಕು ಗಂಟೆಗೆ ದಾಂಡೇಲಿಯಿಂದ ಫೋನು ಬರುತ್ತಿತ್ತು. ಹಲೋ ಇಲ್ಲ, ಏನಿಲ್ಲ, ಮಹಾಂತಪ್ಪ ಉದ್ದಕ್ಕೆ "ಆ" ಎನ್ನುತ್ತಿದ್ದ. "ಕೇಳಸ್ತಿಲ್ಲೋ? ಮಾಡೇನಿ ಮತ್ತ. ಆಮ್ಯಾಲ ಮಾಡಿಲ್ಲ ಅನಬ್ಯಾಡ." ಹೀಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಮಗು ಮಾತ್ರ ಮಲಗುತ್ತಿರಲಿಲ್ಲ.

ಹಗಲಿರಲಿ ರಾತ್ರಿಯಿರಲಿ, ಅಜ್ಜಿಯ ಪಕ್ಕದಲ್ಲಿ ಹತ್ತು ನಿಮಿಷ ಮಲಗಿದರೆ ಹೆಚ್ಚು, ಬೆಚ್ಚಿಬಿದ್ದು ಚೀರುತ್ತಿತ್ತು. ದಣಿದು ಮೊಲೆ ಹಿಡಿಯುತ್ತಿರಲಿಲ್ಲ, ಹಿಡಿದರೂ ನಾಲ್ಕು ಗುಟುಕಿಗೆ ಬಿಡುತ್ತಿತ್ತು. ಹದಿನಾಲ್ಕನೆಯ ದಿನ ಆಶಾ ಕಾರ್ಯಕರ್ತೆ ಬಂದು ತೂಕ ಮಾಡಿ, ಹುಟ್ಟಿದ ತೂಕಕ್ಕಿಂತಲೂ ಕಡಿಮೆಯೇ ಇದೆಯಲ್ಲ ಎಂದು ಹುಬ್ಬುಗಂಟಿಕ್ಕಿದಳು. ಮುಂದಿನ ವಾರವೂ ಹೀಗೇ ಇದ್ದರೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದಳು. ನನಗೆ ಹಾಲು ಸಾಲದೆಂದು ಮಧುಮತಿ ಅತ್ತಳು. ಗೋದುಬಾಯಿ ಮತ್ತಷ್ಟು ಮೆಂತೆ ಹುರಿದಳು.

ಆ ಮಧ್ಯಾಹ್ನ ಮೌನೇಶ ಹಳಿಯ ಕೆಲಸಕ್ಕೆ ಹೋಗಿದ್ದ. ಹೊರಗೆ ಘಟ್ಟ ಇಳಿಯುವ ಗೂಡ್ಸು ಗಾಡಿಯೊಂದು ನಿಂತು ಬುಸುಗುಡುತ್ತಿತ್ತು. ಮಗು ಅಳು ನಿಲ್ಲಿಸದಿದ್ದಾಗ ಮಧುಮತಿಯ ಮೊದಲ ಮಗಳು, ನಾಲ್ಕು ವರ್ಷದ ಚಿನ್ನಿ, ಅವ್ವನ ತೊಡೆಗೆ ಒರಗಿ ಹೇಳಿದಳು: "ಅಜ್ಜಿ ತಮ್ಮನ ಕಾಲಿಗೆ ಬೆರಳಲೆ ಟಪ್ ಅಂತ ಹೊಡೀತಾಳ. ಅಂವ ಮಕ್ಕೊಂಡ ಅಂದ್ರ ಹೊಡೀತಾಳ."

ಮಧುಮತಿ ಮಗುವಿನ ಕಾಲುಚೀಲ ಬಿಚ್ಚಿದಳು. ಪುಟ್ಟ ಅಂಗಾಲು ಕೆಂಪಗಾಗಿತ್ತು.

"ಅವ್ವಾ, ಏನಿದು?"

ಗೋದುಬಾಯಿ ಸುಳ್ಳು ಹೇಳಲಿಲ್ಲ. "ಉಸಿರು ನಿಲ್ಲತೈತಿ ಮಧೂ. ನಾಲ್ಕ ಉಸಿರು ಓಡತೈತಿ, ಆಮ್ಯಾಲ ನಿಲ್ಲತೈತಿ. ನಾ ನೋಡಿಕೋತ ಹೆಂಗ ಕುಂದ್ರಲಿ? ಐದು ಗೆಣ್ಣು ಮುಗದ್ರೂ ಬರಾಂಗಿಲ್ಲ ಒಮ್ಮೊಮ್ಮಿ. ನಿಮ್ಮಪ್ಪನ ರೋಗ ಇದಕ್ಕೂ ಬಂದೈತಿ, ನಿನಗ ಹೇಳಾಕ ಹೆದರಿದೆ."

"ಅವ್ವಾ! ಹಸಗೂಸು ಹಂಗ ಉಸಿರಾಡತಾವಂತ ದವಾಖಾನ್ಯಾಗ ಹೇಳಿ ಕಳಸ್ಯಾರ. ಎಣಿಸಿ ಹತ್ತರೊಳಗ ಬರತೈತಿ, ಮೈ ಬಣ್ಣ ಬದಲಾದ್ರ ಅಷ್ಟ ಹೆದರ್ರಿ ಅಂದಾರ. ಚಿನ್ನೀನೂ ಹಂಗ ಇತ್ತು, ನಾನೂ ಹಂಗ ಇದ್ದಿರಬೇಕು!"

ಇದ್ದಿರಬೇಕು. ಮಧುಮತಿಯ ಕಾಲಕ್ಕೆ ಗೋದುಬಾಯಿಗೆ ಎಣಿಸುವ ಚಟವೇ ಇರಲಿಲ್ಲ, ಚಿನ್ನಿಯ ಕಾಲಕ್ಕೆ ಎರಡೂ ಕಿವಿ ಗಂಡನ ಕಡೆಗಿದ್ದವು. ಆದರೂ ಅವಳು ತಲೆ ಅಲ್ಲಾಡಿಸಿದಳು. "ನಾ ಬಿಟ್ರ ಏನರ ಆದೀತು."

ಮಧುಮತಿ ಮಗುವಿಗೆ ಹಾಲು ಕೊಟ್ಟು, ಅದು ಕಣ್ಣು ಮುಚ್ಚಿದ ಮೇಲೆ ಅವ್ವನ ಮುಂದೆ ಚಾಪೆಯ ಮೇಲೆ ಮಲಗಿಸಿದಳು. ಅವ್ವನ ಎರಡೂ ಕೈ ಹಿಡಿದು ತನ್ನ ಮಡಿಲಲ್ಲಿ ಒತ್ತಿಕೊಂಡಳು. "ನೋಡು. ಮುಟ್ಟಬ್ಯಾಡ, ಬರೇ ನೋಡು. ಬಣ್ಣ ಬದಲಾದ್ರ ನಾನ ಎತ್ತಿಕೋತೇನಿ."

ಸಣ್ಣ ಎದೆ ನಾಲ್ಕು ಸಲ ಬೇಗಬೇಗ ಎದ್ದಿತು. ನಿಂತಿತು. ಗೋದುಬಾಯಿಯ ಹೆಬ್ಬೆರಳು ಮಗಳ ಮುಷ್ಟಿಯೊಳಗೇ ಹೊರಟಿತು, ಕಿರುಬೆರಳಿನ ಮೂರು ಗೆಣ್ಣು, ಉಂಗುರ ಬೆರಳಿನ ಎರಡು. ಕೈ ಕಿತ್ತುಕೊಳ್ಳಲು ಜಗ್ಗಿದಳು, ಮಗಳು ಬಿಡಲಿಲ್ಲ. "ಮಧೂ, ಬಿಡ, ಕೂಸು ಹೋಗತೈತಿ, ಬಿಡ ನನ್ನ!" ಎಂದಳು. ಆರು. ಏಳು.

ಉಸಿರು ಬಂತು. ಯಾರೂ ಮುಟ್ಟಲಿಲ್ಲ, ತಾನಾಗಿ ಬಂತು. ಮಗುವಿನ ತುಟಿ ಕೆಂಪಗೇ ಇತ್ತು, ಕನಸಿನಲ್ಲಿ ಒಮ್ಮೆ ಚೀಪಿ ಸುಮ್ಮನಾಯಿತು. ಮತ್ತೆ ನಿಂತಿತು, ಮತ್ತೆ ಬಂತು. ಗಾಡಿ ಸೀಟಿ ಹೊಡೆದು ಹೊರಟುಹೋಯಿತು, ಮಗು ಎಚ್ಚರಾಗಲಿಲ್ಲ. ಮುಕ್ಕಾಲು ತಾಸು ಮಲಗಿತು, ಈ ಮನೆಗೆ ಬಂದಾಗಿನಿಂದ ಅಷ್ಟು ಹೊತ್ತು ಮಲಗಿರಲಿಲ್ಲ. ಆ ಮುಕ್ಕಾಲು ತಾಸೂ ಗೋದುಬಾಯಿ ರೆಪ್ಪೆ ಬಡಿಯದೆ ಕುಳಿತಿದ್ದಳು. ಹುಬ್ಬಳ್ಳಿಯ ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದ ಮಾತು ಈಗ ಅವಳ ಕಿವಿಗೆ ಬಿತ್ತು. ನೀವು ಎಬ್ಬಿಸದಿದ್ದರೂ ತಾನ ಬರ್ತದ.

ನಾಲ್ಕು ಗಂಟೆಯಾಯಿತು. ಗೋಡೆಗೂಡಿನಲ್ಲಿದ್ದ ಫೋನು ರಿಂಗಾಗತೊಡಗಿತು, ಮಹಾಂತಪ್ಪನ "ಆ" ಕೇಳಿಸುವ ಹೊತ್ತು. ಇಬ್ಬರೂ ಏಳಲಿಲ್ಲ.

"ಮಧೂ," ಎಂದಳು ಗೋದುಬಾಯಿ. "ನಮ್ಮವ್ವ ಸತ್ತ ದಿನ ನಾ ಅಲ್ಲೇ ನಿಲ್ಲಬಹುದಾಗಿತ್ತಲ್ಲ."

ಮಧುಮತಿ ಅವ್ವನ ಕೈ ಬಿಡಲಿಲ್ಲ.